ಪಕ್ಕೆಯ ಗಾಯ

ಗೋಡೆಯ ಮೇಲೆ ಆಳೆತ್ತರದ ಗಾಯ. ಹೆಡ್‌ಮಿಸ್ ಹೇಸಿ ಬಾಗಿಲಲ್ಲೇ ನಿಂತಳು.

ಪಕ್ಕೆಯಿಂದ ಹೊಕ್ಕುಳಿನತ್ತ ಹರಿದ ಗೆರೆ. ಹೊಲಿಗೆ ಬಿದ್ದ ಕಡೆಯೆಲ್ಲ ಗಂಟು. ಕಿಟಕಿಯ ಬೆಳಕು ಅದರ ಮೇಲೆ ಎಣ್ಣೆಯಂತೆ ಜಾರಿತ್ತು. ಮುಖ ಇರಲಿಲ್ಲ. ಕೆಳಗೆ ಚೀಟಿ: ‘ನನಗೆ ಕಿಡ್ನಿ ಕೊಟ್ಟ ಅಕ್ಕ’.

ಫೋಟೋ ತೆಗೆದವನು ಹೆಡ್‌ಮಿಸ್‌ಳ ತಮ್ಮ. ವರ್ಷದಿಂದ ಮಾತಿಲ್ಲ. ಪ್ರದರ್ಶನಕ್ಕೂ ಕರೆದಿರಲಿಲ್ಲ, ಪೇಪರಿನಲ್ಲಿ ಓದಿ ಬಂದಿದ್ದಳು. ಮನೆಯ ಮಾನಕ್ಕೆ ಚೌಕಟ್ಟು ಹಾಕಿ ನೇತುಹಾಕಿದ್ದಾನೆ. ಜನ ಜ್ಯೂಸ್ ಹೀರುತ್ತ, ತಲೆ ಓರೆ ಮಾಡಿ, “ಆ ನೆರಳು ನೋಡಿ, ಎಷ್ಟು ಮೃದು” ಎನ್ನುತ್ತಿದ್ದರು. ಮಾಂಸದಂಗಡಿಯ ಮುಂದೆ ತುಂಡು ಆರಿಸುವವರ ಹಾಗೆ.

ಮೂಲೆಯ ಕುರ್ಚಿಯಲ್ಲಿ ಅವಳೂ ಇದ್ದಳು, ಅಪ್ಪನ ಮೊದಲ ಹೆಂಡತಿಯ ಮಗಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಹೆಡ್‌ಮಿಸ್ ಅವಳನ್ನು ಎಂದೂ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಇಂಥವಳಿಗೆ ಕರೆ ಹೋಗಿದೆ, ತನಗಿಲ್ಲ. ಮುಖ ಕಿವುಚಿ ಶಾಲನ್ನು ಸೊಂಟಕ್ಕೆ ಬಿಗಿಯಾಗಿ ಸುತ್ತಿಕೊಂಡಳು.

ಯಾರೋ ಗುರುತು ಹಿಡಿದರು. “ನಮ್ಮ ಹೆಡ್‌ಮಿಸ್. ಇವರೇ ಫೋಟೋಗ್ರಾಫರ್ ಅವರ ಅಕ್ಕ.” ತಲೆಗಳು ತಿರುಗಿದವು. ಒಬ್ಬರು ಕೈ ಹಿಡಿದುಕೊಂಡರು. ಇನ್ನೊಬ್ಬರ ಕಣ್ಣು ನೇರ ಅವಳ ಪಕ್ಕೆಗೆ ಹೋಯಿತು. ಅಂಟಂಟು ಕೈಗಳು, ಅಂಟಂಟು ಮಾತು. ಹೇಗೋ ಬಿಡಿಸಿಕೊಂಡು ತಮ್ಮನ ಬಳಿ ಹೋದಳು.

“ಇಳಿಸು ಅದನ್ನ.”

“ನೀನು ಬರ್ತೀಯ ಅಂದ್ಕೊಂಡಿರಲಿಲ್ಲ,” ಎಂದ ಅವನು. ಮುಖಕ್ಕೆ ರಕ್ತ ಬಂದಿತ್ತು. ಹೋದ ವರ್ಷದ ಊದಿದ ಕಣ್ಣುಗಳಲ್ಲ. “ಇಳಿಸು ಅನ್ನೋ ಹಕ್ಕು ಅಕ್ಕನಿಗೆ ಮಾತ್ರ.”

“ನಾನೇ ತಾನೆ ಹೇಳ್ತಿರೋದು?”

ಅವನು ಲೆನ್ಸ್ ಒರೆಸುವ ಬಟ್ಟೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಆಚೆ ನಡೆದ.

ಹಿಂದಿನಿಂದ ಯಾರೋ ತೋಳು ಮುಟ್ಟಿದರು. ಬೆವರಿದ ಅಂಗೈಯ, ಸಣಕಲು ಹೆಂಗಸು.

“ಮುಂದಿನ ವಾರ ನನ್ನ ಮಗಳಿಗೆ ಕಿಡ್ನಿ ಕೊಡ್ತಿದ್ದೀನಿ, ಮಿಸ್. ತುಂಬಾ ಭಯ ಆಗ್ತಿದೆ. ಯಾರಿಗೂ ಹೇಳಿಲ್ಲ. ನೀವು ಹೇಗೆ ತಡ್ಕೊಂಡ್ರಿ?”

“ಆಪರೇಷನ್ ದಿನದ ಬೆಳಗ್ಗೆ ಒಂದು ದಾಟಿದ್ರೆ ಆಯ್ತು,” ಎಂದಳು ಹೆಡ್‌ಮಿಸ್.

“ಪಕ್ಕದ ರೂಮಿಗೆ ಬರ್ತೀರಾ? ಒಂದೇ ಒಂದು ಸಲ ಆ ಗಾಯ ತೋರಿಸಿ. ನಿಮ್ಮನ್ನ ನೋಡಿದ್ರೆ ನಂಗೂ ಧೈರ್ಯ ಬರುತ್ತೆ.”

ಆ ಹೆಂಗಸಿನ ಕಣ್ಣಲ್ಲಿದ್ದ ನಂಬಿಕೆಯನ್ನು ನೋಡಲಾಗಲಿಲ್ಲ. ಇಷ್ಟು ಹೊತ್ತೂ ಹಾಲ್ ತುಂಬ ಹರಡಿದ್ದ ಹೇಸಿಗೆ ಒಮ್ಮೆಲೇ ಅವಳ ಮೈಮೇಲೆ ಬಂದು ಕುಳಿತಿತು. ಶಾಲು ಸಡಿಲಿಸಿ ಮೂಲೆಯ ಕುರ್ಚಿಯತ್ತ ಕೈ ತೋರಿದಳು.

“ನನಗೆ ಗಾಯವೇ ಇಲ್ಲಮ್ಮ. ಕೊಡ್ತೀನಿ ಅಂದಿದ್ದೆ, ಆಪರೇಷನ್ ದಿನ ಫೋನ್ ಆಫ್ ಮಾಡಿ ಮನೇಲಿ ಅಡಗಿ ಕೂತಿದ್ದೆ. ಆಮೇಲೆ ಕೊಟ್ಟವಳು ಅಲ್ಲಿದ್ದಾಳೆ, ನಮ್ಮಕ್ಕ.”