ಸೈರನ್ ನಿಂತ ಮೇಲೆ

ಅಣೆಕಟ್ಟಿನ ಗೇಟ್ ಆಪರೇಟರ್ ಸೈರನ್ ಗುಂಡಿ ಒತ್ತಿ ಹಿಡಿದ ಕೂಡಲೇ, ಕೆಳಗೆ ಒಣಗಿದ ಹೊಳೆಯಲ್ಲಿದ್ದ ಜನ ಓಡುವುದು ಬಿಟ್ಟು ಸಾಲಾಗಿ ಮಲಗಿಬಿಟ್ಟರು. ಮೇಲೆಲ್ಲೋ ಸುರಿದ ಮಳೆಗೆ ನೀರು ಮಟ್ಟ ಮೀರಿ, ಗೇಟುಗಳು ತಾವಾಗಿಯೇ ಏಳತೊಡಗಿದ್ದವು.

ಊರಿನ ಕಲೋತ್ಸವಕ್ಕೆ ಬಂದಿದ್ದ ಕಲಾವಿದೆ ಹೊಳೆಯ ಈ ದಡದಿಂದ ಆ ದಡಕ್ಕೆ ನೀಲಿ ಬಟ್ಟೆ ಕಟ್ಟಿ, ಅದಕ್ಕೆ ‘ನೆರೆ’ ಎಂದು ಹೆಸರಿಟ್ಟಿದ್ದಳು. ಧ್ವನಿವರ್ಧಕದಲ್ಲಿ ಸೈರನ್ ಕೇಳಿದಾಗ ಎಲ್ಲರೂ ಬಟ್ಟೆಯಡಿ ಮಲಗಬೇಕು, ಅದು ನಿಂತ ಮೇಲೆ ಏಳಬೇಕು. ಹೋದ ವಾರ ಅವಳು ಆ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳಲು ಬಂದಾಗ ಇವನೇ ಹಿಗ್ಗಿ ಹೀರೇಕಾಯಿಯಾಗಿ ಎರಡೆರಡು ಸಲ ಮೊಳಗಿಸಿದ್ದ.

ಗುಂಡಿ ಬಿಡದೆ, ಇನ್ನೊಂದು ಕೈಯಲ್ಲಿ ಹೆಂಡತಿಗೆ ಫೋನ್ ಮಾಡಿದ. ಅವಳೂ ಮಗಳು ಪುಟ್ಟಿಯೂ ಬೆಳಿಗ್ಗೆಯೇ ಅಲ್ಲಿಗೆ ಹೋಗಿದ್ದರು.

“ಪುಟ್ಟೀನ ಎತ್ಕೊಂಡು ದಡ ಹತ್ತೇ. ಇದು ನಿಜವಾದ ಸೈರನ್ನು,” ಎಂದು ಗಂಟಲು ಹರಿಯುವಂತೆ ಕೂಗಿದ.

“ಏನ್ರೀ? ಒಂದೂ ಕೇಳಿಸ್ತಿಲ್ಲ, ನಿಮ್ ಸೈರನ್ನೇ ಹೊಡ್ಕೋತಾ ಇದೆ. ಅದು ನಿಲ್ಲೋವರೆಗೂ ನಾವ್ ಏಳೋ ಹಾಗಿಲ್ವಂತೆ,” ಎಂದು ಅವಳು ನಕ್ಕಳು.

ಸೈರನ್ ನಿಂತರೆ ಏಳುತ್ತಾರೆ, ಮಾತೂ ಕೇಳಿಸುತ್ತದೆ ಅಂದುಕೊಂಡು ಅವನು ಗುಂಡಿಯಿಂದ ಬೆರಳೆತ್ತಿದ. ಕಾಲಡಿಯ ಕಾಂಕ್ರೀಟು ಗಡಗಡ ನಡುಗುತ್ತಿತ್ತು. “ಓಡೇ, ನೀರು ಬಿಟ್ಟಾಯ್ತು,” ಎಂದು ಕಿರುಚಿದ. ಆದರೆ ಫೋನಿನ ತುಂಬ ಚಪ್ಪಾಳೆ, ಸಿಳ್ಳೆ. ಅದರ ನಡುವೆ ಹೆಂಡತಿಯ ದನಿ ತೇಲಿ ಬಂತು: “ರೀ, ಇನ್ನೊಂದ್ಸಲ ಹಾಕ್ಲಿ ಅಂತ ಪುಟ್ಟಿ ಆಗ್ಲೇ ಮಲಗ್ಬಿಟ್ಳು.”