ನಲವತ್ತಾರು ವ್ಯಾಟ್

ಲೈನ್‌ಮನ್ ಹುದ್ದೆಯ ಸಂದರ್ಶನಕ್ಕೆ ಬಂದ ಹುಡುಗಿಯನ್ನು ಎದುರು ಕೂರಿಸಿಕೊಂಡ ಅಧಿಕಾರಿ, ಅವಳ ಕಡತ ಬಿಚ್ಚದೆಯೇ ಪ್ರಶ್ನೆ ಕೇಳಿದರು. ಎಲ್ಲರಿಗೂ ಅವರು ಕೇಳುತ್ತಿದ್ದುದು ಅದೊಂದೇ ಪ್ರಶ್ನೆ.

“ಇನ್ನೂರ ಮೂವತ್ತು ವೋಲ್ಟ್ ಲೈನನ್ನ ಒಬ್ಬ ಬರಿಗೈಲಿ ಮುಟ್ಟಿದ. ಮೈಯೊಳಗೆ ಹರಿದ ಕರೆಂಟು ಸೊನ್ನೆ ಪಾಯಿಂಟ್ ಎರಡು ಆಂಪಿಯರ್. ಅವನ ಮೈಯ ರೆಸಿಸ್ಟೆನ್ಸ್ ಎಷ್ಟಮ್ಮಾ?”

“ಸಾವಿರದ ನೂರೈವತ್ತು ಓಮ್, ಸರ್.”

“ಪವರ್?”

“ನಲವತ್ತಾರು ವ್ಯಾಟ್. ಒಂದು ಸಣ್ಣ ಬಲ್ಬ್ ಉರಿಯುವಷ್ಟು.”

ಅವಳು ಪೆನ್ನು ಮುಟ್ಟಿರಲಿಲ್ಲ. ಅಧಿಕಾರಿಗೆ ಅನುಮಾನ ಬಂತು.

“ಎಲ್ಲಿ ಬಾಯಿಪಾಠ ಮಾಡ್ಕೊಂಡು ಬಂದೆ?”

“ಮನೇಲಿ ಒಂದು ವರದಿ ಇದೆ ಸರ್. ಅದರಲ್ಲಿ ಇದೇ ಲೆಕ್ಕ ಇದೆ. ದಿನಾ ಓದ್ತೀನಿ.”

“ಒಳ್ಳೇ ಅಭ್ಯಾಸ. ಸರಿ, ಅವನು ಬದುಕಬೇಕಿದ್ರೆ ಏನು ಮಾಡಬೇಕಿತ್ತು?”

“ರಬ್ಬರ್ ಗ್ಲೌಸ್ ಹಾಕ್ಕೊಂಡಿರಬೇಕಿತ್ತು ಸರ್. ರೆಸಿಸ್ಟೆನ್ಸ್ ಎಷ್ಟೋ ಪಟ್ಟು ಜಾಸ್ತಿ ಆಗಿ, ಕರೆಂಟು ಒಳಗೆ ಹೋಗ್ತಾನೇ ಇರಲಿಲ್ಲ.”

ಅಧಿಕಾರಿ ತಲೆಯಾಡಿಸಿ ಪೂರ್ತಿ ಅಂಕ ಹಾಕಿದರು. ಆಮೇಲೆ ಮೇಜಿನ ಡ್ರಾಯರಿನಿಂದ ಒಂದು ಫಾರಂ ತೆಗೆದು ಅವಳ ಮುಂದಿಟ್ಟರು.

“ಕೆಲಸಕ್ಕೆ ಸೇರಿದ ದಿನವೇ ಗ್ಲೌಸಿಗೆ ಇದನ್ನ ತುಂಬಿ ಕೊಡಬೇಕು. ಬರೋದು ಸ್ವಲ್ಪ ತಡ ಆಗುತ್ತೆ. ಅಲ್ಲೀವರೆಗೂ ಹುಷಾರಾಗಿ ಕೆಲಸ ಮಾಡ್ಕೋಬೇಕು, ಅಷ್ಟೆ.”

ಹುಡುಗಿ ಫಾರಮನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

“ಬೇಡ ಸರ್, ಗ್ಲೌಸ್ ಮನೇಲಿದೆ. ಅಪ್ಪ ತುಂಬಿ ಕೊಟ್ಟಿದ್ದ ಫಾರಂಗೆ ಮೊನ್ನೆ ಬಂತು, ಅವರ ವರ್ಷದ ತಿಥಿಯ ದಿನ.”