ಗೋಡೆಯೊಳಗಿನ ನೀರು

"ಸಾರ್, ಈ ಗೋಡೆಯೊಳಗೆ ಪೈಪ್ ಇದೆ. ನೀರು ವಾಪಸ್ ಬರ್ತಿದೆ," ಎಂದು ಪ್ಲಂಬರ್ ಸ್ಕ್ಯಾನಿನ ಮಂಚದ ಮೇಲೆ ಮಲಗಿದ್ದಲ್ಲಿಂದಲೇ ಕತ್ತೆತ್ತಿದ. ಸೊಂಟದ ಮೇಲೆ ಹೊದಿಸಿದ್ದ ಹಸಿರು ಬಟ್ಟೆ ಜಾರಿತು. ಗಡಬಡಿಸಿ ಅದನ್ನು ಎಳೆದುಕೊಂಡನಾದರೂ ಕಿವಿಯನ್ನು ಗೋಡೆಯ ಕಡೆಯಿಂದ ಕದಲಿಸಲಿಲ್ಲ. "ವಾಲ್ವ್ ಹೋಗಿದೆ ಸಾರ್. ಸರಳು ತಂದಿದ್ರೆ ಎಲ್ಲಿ ಅಂತ ಈಗಲೇ ಹೇಳಿಬಿಡ್ತಿದ್ದೆ."

ಅವನ ಕಸುಬೇ ಅದು. ಕಬ್ಬಿಣದ ಸರಳಿನ ಒಂದು ತುದಿಯನ್ನು ಗೋಡೆಗೂ ಇನ್ನೊಂದನ್ನು ಕಿವಿಗೂ ಇಟ್ಟು ಕಣ್ಣು ಮುಚ್ಚಿದನೆಂದರೆ, ಒಂದು ಟೈಲ್ಸೂ ಒಡೆಯದೆ ಸೋರಿಕೆಯ ಜಾಗಕ್ಕೆ ಬೆರಳಿಡುತ್ತಿದ್ದ. ಅಪ್ಪನಿಂದ ಬಂದ ವಿದ್ಯೆ. ಅಪ್ಪನ ಕಾಲದಲ್ಲಿ ಅಮ್ಮನೂ ಜೊತೆಗೆ ಹೋಗಿ ಸರಳಿಗೆ ಕಿವಿಯಿಟ್ಟವಳೇ.

ಸ್ಕ್ಯಾನ್ ಡಾಕ್ಟರು ಕನ್ನಡಕದ ಮೇಲಿಂದ ನೋಡಿ ನಕ್ಕರು. "ಗೋಡೆಗೇನೂ ಆಗಿಲ್ಲ ಕಣಪ್ಪಾ. ಎಲ್ಲಿ, ಇನ್ನೊಂದ್ಸಲ ಉಸಿರು ಕಟ್ಟು, ಹೊಟ್ಟೆ ಬಿಗಿ ಮಾಡು."

ಅವನು ಬಿಗಿ ಮಾಡಿದ. ಮೆಷಿನ್ನಿನ ಸ್ಪೀಕರಿನಿಂದ ಝುಸ್ಸೆಂದು ಸದ್ದು ಎದ್ದಿತು. ಉಸಿರು ಬಿಟ್ಟ, ಸದ್ದು ತಗ್ಗಿತು. ಮತ್ತೆ ಬಿಗಿ ಮಾಡಿದ. ಮತ್ತೆ ಝುಸ್ಸೆಂದಿತು.

"ಅದು... ನಂದಾ?"

"ನಿಂದೇ. ಎಡಗಡೆ ಬೀಜದಿಂದ ರಕ್ತವನ್ನ ಮೇಲಕ್ಕೆ ಒಯ್ಯೋ ನರ. ದಾರಿಯುದ್ದಕ್ಕೂ ಸಣ್ಣ ಸಣ್ಣ ಕವಾಟ ಇರ್ತಾವೆ. ನಿನ್ನವು ಮುಚ್ಕೊಳ್ತಿಲ್ಲ. ಹತ್ತಿದ ರಕ್ತ ಇಳಿದು ಅಲ್ಲೇ ನಿಂತು ನರ ಉಬ್ಬಿದೆ. ವೆರಿಕೋಸೀಲ್ ಅಂತಾರೆ. ಬೀಜಕ್ಕೆ ತಂಪು ಬೇಕಪ್ಪಾ, ಬಿಸಿ ರಕ್ತ ನಿಂತ್ರೆ ವೀರ್ಯಾಣು ಸೊರಗ್ತಾವೆ. ಸಂಜೆ ಹೊತ್ತಿಗೆ ಜಗ್ಗಿದ ಹಾಗೆ ನೋವು ಬರ್ತಿರಲಿಲ್ವಾ?"

"ಬರ್ತಿತ್ತು. ಮೋಟಾರ್ ಹೊತ್ತು ಹೊತ್ತು ಅಂದ್ಕೊಂಡಿದ್ದೆ."

ಡಾಕ್ಟರು ಪರದೆಯನ್ನು ಅವನ ಕಡೆಗೆ ತಿರುಗಿಸಿದರು. ಕಪ್ಪಿನ ನಡುವೆ ಕೆಂಪು, ನೀಲಿ ಎಳೆಗಳು ಮಿಡಿಯುತ್ತಿದ್ದವು. ಪ್ಲಂಬರ್ ಬಾಯಿ ತೆರೆದುಕೊಂಡು ನೋಡಿದ. ಎಲ್ಲೂ ಒಂದು ಜೋಡಣೆಯಿಲ್ಲ, ಅಂಟಿಲ್ಲ, ತಿರುಪಿಲ್ಲ. ಇಷ್ಟು ಸಣ್ಣ ಕವಾಟಗಳನ್ನು ಸಾಲಾಗಿ ಕೂರಿಸಿದ ಆ ಕೈ ಎಂಥದ್ದಿರಬೇಕು! ತಾಯಿಯ ಹೊಟ್ಟೆಯಲ್ಲಿದ್ದಾಗ ಶುರುವಾದ ಹರಿವು. ಯಾರೂ ಸ್ವಿಚ್ಚು ಹಾಕಿದ್ದಿಲ್ಲ, ಯಾರೂ ಆರಿಸಿದ್ದಿಲ್ಲ. ತಾನು ನಿದ್ದೆ ಹೋದಾಗಲೂ, ಸಿಡುಕಿದಾಗಲೂ, ಸುಳ್ಳು ಹೇಳಿದಾಗಲೂ ಅದು ತನ್ನ ಪಾಡಿಗೆ ತಾನು ನಡೆದೇ ಇತ್ತು. ಎರಡೂ ಕೈ ತಾವಾಗಿ ಎದೆಯ ಮೇಲೆ ಕೂಡಿಕೊಂಡವು.

ಸುಳ್ಳು ಎಂದಾಕ್ಷಣ ಹೊರಗೆ ಬೆಂಚಿನ ಮೇಲೆ ಕೂತ ಹೆಂಡತಿ ನೆನಪಾದಳು. ಮದುವೆಯಾಗಿ ಆರು ವರ್ಷ. ಅಮ್ಮ ಅವಳನ್ನು ಹತ್ತಿಸದ ಆಸ್ಪತ್ರೆಯಿಲ್ಲ. ಎಲ್ಲ ಕಡೆಯೂ "ಏನೂ ತೊಂದರೆಯಿಲ್ಲ" ಎಂದೇ ಬರೆದಿದ್ದರು. ಆದರೂ ಅಮ್ಮನ ಹಟಕ್ಕೆ ಬರುವ ಸೋಮವಾರ ಅವಳ ಹೊಟ್ಟೆಗೆ ಎರಡನೇ ಸಲ ಕತ್ತರಿ ಬೀಳುವುದಿತ್ತು. "ಮೊದಲು ಗಂಡನ ತಪಾಸಣೆ ಆಗಲಿ" ಎಂಬ ಚೀಟಿಗಳನ್ನೆಲ್ಲ ಅವನು ಮಡಚಿ ಹತಾರಗಳ ಚೀಲದ ತಳಕ್ಕೆ ಸೇರಿಸಿದ್ದ. ನಿನ್ನೆ ಅವಳು ಅಂದಿದ್ದು ಒಂದೇ ಮಾತು: "ರೀ, ಊರವರ ಗೋಡೆಗೆಲ್ಲ ಕಿವಿ ಕೊಡ್ತೀರಿ." ಅದಕ್ಕೇ ಬಂದಿದ್ದ. ಆದರೆ ಹೊರಡುವಾಗ ಅಮ್ಮನಿಗೆ ಹೇಳಿದ್ದು, "ಅವಳಿಗೆ ಸ್ಕ್ಯಾನ್ ಇದೆ" ಎಂದು.

"ಸಾರ್, ನನ್ನ ಹೆಂಡ್ತೀನ ಒಳಗೆ ಕರೀರಿ. ಅವಳೂ ಕೇಳ್ಬೇಕು."

ಅವಳು ದಪ್ಪ ಫೈಲನ್ನು ಎದೆಗವಚಿಕೊಂಡೇ ಬಂದಳು. ಅವನು ಉಸಿರು ಕಟ್ಟಿದ, ಅವಳು ಕೇಳಿದಳು. "ಇಷ್ಟು ದಿನ ನೋವು ತಿಂದ್ಕೊಂಡೇ ಇದ್ರಾ?" ಎಂದಳು. ಆಮೇಲೆ ಡಾಕ್ಟರ ಕಡೆ ತಿರುಗಿ, "ಸರಿ ಮಾಡಬಹುದಾ?"

"ವೀರ್ಯ ಪರೀಕ್ಷೆ ಆಗಲಿ. ಬೇಕಾದ್ರೆ ಸಣ್ಣ ಆಪರೇಷನ್. ಕೆಟ್ಟ ನರ ಕಟ್ಟಿಬಿಟ್ರೆ ರಕ್ತ ಪಕ್ಕದ ನರಗಳಲ್ಲಿ ತಾನೇ ದಾರಿ ಮಾಡ್ಕೊಳ್ಳುತ್ತೆ. ಮಗು ಆಗೇ ಆಗುತ್ತೆ ಅಂತ ಮಾತು ಕೊಡಲ್ಲಮ್ಮಾ. ಆದವರು ಇದಾರೆ."

"ತಾನೇ ದಾರಿ ಮಾಡ್ಕೊಳ್ಳುತ್ತಾ!" ಪ್ಲಂಬರನ ಬೆರಗು ಇನ್ನೂ ಇಳಿದಿರಲಿಲ್ಲ. "ನಾವು ಒಂದು ಲೈನ್ ಬಂದ್ ಮಾಡಿದ್ರೆ ಬೀದಿಯವರ ಕೈಲೆಲ್ಲ ಬೈಸ್ಕೋಬೇಕು ಸಾರ್."

ಅವಳ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಅತ್ತೆ. ಅವಳ ಮುಖ ಚಿಕ್ಕದಾಯಿತು. ಅವನು ಕೈ ಚಾಚಿ ಫೋನು ಇಸಿದುಕೊಂಡು "ಅಮ್ಮಾ" ಎಂದ.

"ಏನೋ, ಏನಂದ್ರು? ಈ ಸಲನಾದ್ರೂ ಸಿಕ್ತಾ ಅವಳ ದೋಷ?" ಅಮ್ಮನ ದನಿ ಕೋಣೆಗೆಲ್ಲ ಕೇಳಿಸಿತು.

"ಅಮ್ಮಾ, ಇದನ್ನ ಸ್ವಲ್ಪ ಕೇಳು." ಫೋನನ್ನು ಮೆಷಿನ್ನಿನ ಸ್ಪೀಕರಿಗೆ ಹಿಡಿದು, ಡಾಕ್ಟರಿಗೆ ಕಣ್ಸನ್ನೆ ಮಾಡಿ, ಹೊಟ್ಟೆ ಬಿಗಿದ.

ಝುಸ್ಸ್.

ಅಮ್ಮನಿಗೆ ಎರಡನೇ ಸಲ ಕೇಳಿಸಬೇಕಾಗಲಿಲ್ಲ. "ವಾಲ್ವ್ ಹೋಗಿದೆ ಕಣೋ. ಪೂರಾ ವಾಪಸ್ ಬರ್ತಿದೆ. ಯಾರ ಮನೇದು?"

ಅವನು ಕಟ್ಟಿದ್ದ ಉಸಿರನ್ನು ಬಿಟ್ಟ. "ನಂದೇ ಅಮ್ಮಾ. ಇಲ್ಲಿ ಮಂಚದ ಮೇಲೆ ಮಲಗಿರೋದು ನಾನು."

ಹೆಂಡತಿ ಆರು ವರ್ಷದ ಫೈಲನ್ನು ಎದೆಯಿಂದ ಕೆಳಗಿಳಿಸಿ, ಮಂಚದ ಮೇಲೆ, ಅವನ ಪಾದದ ಪಕ್ಕದಲ್ಲಿ ಮೆಲ್ಲಗೆ ಇಟ್ಟಳು.